ಚೀಟಿಯ ಹಿಂಬದಿ

"ಮಕ್ಕಳನ್ನ ಹೊರಗೆ ಕಳಿಸಿ."

ಹಾಡು ಅರ್ಧಕ್ಕೇ ನಿಂತಿತು. ಮೂರನೆಯ ತರಗತಿಯ ಮೂವತ್ತೊಂದು ಮಕ್ಕಳೂ ಒಟ್ಟಿಗೆ ಹಿಂದಕ್ಕೆ ತಿರುಗಿದರು. ಅವರ ಮಿಸ್ ಕೂಡ ತಿರುಗಿದಳು, ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡು. ವಾರ್ಷಿಕೋತ್ಸವಕ್ಕೆ ಉಳಿದಿದ್ದು ಒಂದೇ ತಿಂಗಳು. ಅಂಥದ್ದರಲ್ಲಿ ಯಾರೋ ಒಬ್ಬ ಶಾಲೆಯ ಹಾಲ್‌ನ ನಡುಮಧ್ಯಕ್ಕೆ ಬಂದು, ಅವಳ ಮುಖವನ್ನೂ ನೋಡದೆ, ಸೂರು ನೋಡುತ್ತಾ ನಿಂತಿದ್ದ.

"ನೀವು ಯಾರು?"

"ಬಡಗಿ. ಸ್ಟೇಜ್ ಅಗಲ ಮಾಡೋಕೆ ಕರೆಸಿದ್ದಾರೆ." ಅವನ ಕಣ್ಣು ಇನ್ನೂ ಮೇಲೆಯೇ ಇತ್ತು. "ಜಗಳ ಬೇಕಾದ್ರೆ ಆಮೇಲೆ ಆಡೋಣ. ಮೊದಲು ಮಕ್ಕಳು."

ಅವನ ದನಿಯಲ್ಲಿ ಏನಿತ್ತೋ... ಅವಳು ಎದುರುತ್ತರ ಕೊಡದೆ ಮಕ್ಕಳನ್ನು ಸಾಲಾಗಿ ಹೊರಗೆ ಕಳಿಸಿದಳು. ಅವನು ಏಣಿ ಹತ್ತಿ, ಸುತ್ತಿಗೆಯಿಂದ ಒಂದೊಂದೇ ತೊಲೆಯನ್ನು ಮೆಲ್ಲಗೆ ತಟ್ಟಿದ. ಅಕ್ಕಪಕ್ಕದವು ಗಟ್ಟಿಯಾಗಿ ಸದ್ದು ಕೊಟ್ಟವು. ಮಧ್ಯದ ದೊಡ್ಡ ತೊಲೆ ಮಾತ್ರ ಖಾಲಿ ಡಬ್ಬದ ಹಾಗೆ ಸದ್ದು ಮಾಡಿತು. ಅದರಿಂದ ಹಳದಿ ಪುಡಿ ಸಣ್ಣಗೆ ಉದುರಿ, ಒಂದು ನಿಮಿಷದ ಹಿಂದೆ ಮಕ್ಕಳು ನಿಂತಿದ್ದ ಜಾಗದಲ್ಲಿ ಬಿತ್ತು.

"ಹುಳ ತಿಂದಿದೆ. ಹೊರಗಡೆ ಬಣ್ಣ ಮಾತ್ರ ಉಳಿದಿರೋದು," ಎಂದ ಅವನು.

ಬಾಗಿಲಲ್ಲಿ ಒಂದು ಜಡೆ ಇಣುಕಿತು. "ಮಾಮಾ, ಇಳೀರಿ, ಬಿದ್ದುಬಿಡ್ತೀರಿ," ಎಂದು ಹೆದರಿದ ದನಿ ಬಂತು. ಅದು ಗುಬ್ಬಿ, ತರಗತಿಯ ಅತಿ ಪುಟ್ಟ ಹುಡುಗಿ. ತಾಯಿಯಿಲ್ಲದ ಆ ಮಗುವನ್ನು ಸೋದರಮಾವ ಸಾಕುತ್ತಿದ್ದಾನೆಂದು ಮಿಸ್‌ಗೆ ಗೊತ್ತಿತ್ತು. ಶಾಲೆಗೆ ಬಂದು ಹೋಗುತ್ತಿದ್ದವರು ಅಜ್ಜಿಯಾದ್ದರಿಂದ ಮಾವನ ಮುಖ ಅವಳು ನೋಡಿದ್ದು ಅಂದೇ.

ಮುಂದಿನ ನಾಲ್ಕು ದಿನ ಹಾಡಿನ ಅಭ್ಯಾಸ ಅಂಗಳದಲ್ಲಿ ನಡೆಯಿತು. ಅಲ್ಲೇ ನೆರಳಿನಲ್ಲಿ ಅವನು ಸ್ಟೇಜಿನ ಹಲಗೆ ಕೊಯ್ಯುತ್ತಿದ್ದ. ಮೆಟ್ಟಿಲು ಎಷ್ಟು ಎತ್ತರ ಇರಬೇಕೆಂದು ಅವನು ಪಟ್ಟಿ ಹಿಡಿದು ಅಳೆಯಲಿಲ್ಲ. ಗುಬ್ಬಿಯನ್ನು ಕರೆದು ನಿಲ್ಲಿಸಿ, ಅವಳ ಮೊಣಕಾಲಿಗಿಂತ ಎರಡು ಬೆರಳು ಕೆಳಗೆ ಪೆನ್ಸಿಲಿನಿಂದ ಗುರುತು ಹಾಕಿಕೊಂಡ. ಅತಿ ಪುಟ್ಟವಳು ಹತ್ತಿದರೆ ಎಲ್ಲರೂ ಹತ್ತುತ್ತಾರೆ ಅಲ್ವಾ ಮಿಸ್ ಎಂದು ಕೇಳಿ, ಮೊದಲ ಸಲ ಅವಳ ಮುಖ ನೋಡಿ ನಕ್ಕ.

ನಮ್ಮ ಮಿಸ್‌ಗೆ ಅಷ್ಟೇ ಸಾಕಾಯಿತು! ಅಂದು ಮನೆಯಲ್ಲಿ ಎರಡು ಸಲ ಒಗ್ಗರಣೆ ಸೀದುಹೋಯಿತು. ಇದು ಒಲೆಯ ತಪ್ಪೋ ಮನಸ್ಸಿನ ತಪ್ಪೋ ಎಂದು ಅತ್ತಿಗೆ ಕಾಲೆಳೆದರು. ಒಲೆಯದ್ದೇ ಎಂದು ಅವಳು ಮುಖ ತಿರುಗಿಸಿಕೊಂಡಳು.

ಐದನೆಯ ದಿನ ದೊಡ್ಡ ಮೇಡಂ ಅವಳನ್ನು ಕೋಣೆಗೆ ಕರೆಸಿದರು.

ದೊಡ್ಡ ಮೇಡಂ ಎಂದರೆ ಮುಖ್ಯೋಪಾಧ್ಯಾಯಿನಿ. ಇದೇ ಶಾಲೆಯಲ್ಲಿ ಅಕ್ಷರ ಕಲಿತು, ಇಲ್ಲೇ ಕೆಲಸಕ್ಕೆ ಸೇರಿ, ಇದೇ ವರ್ಷ ನಿವೃತ್ತರಾಗುವವರು. ಮಿಸ್‌ಗೆ ಮೊದಲ ಪಾಠ ಹೇಳಿದವರೂ ಅವರೇ, ಕೆಲಸ ಕೊಡಿಸಿದವರೂ ಅವರೇ. ವಾರ್ಷಿಕೋತ್ಸವದ ದಿನ ಆ ಹಾಲ್‌ನಿಂದಲೇ ಬೀಳ್ಕೊಡುಗೆ ಪಡೆದು ಹೊರಡಬೇಕೆಂದು ಅವರು ಯಾವತ್ತೋ ನಿರ್ಧರಿಸಿದ್ದರು.

"ಬಣ್ಣ ಹೊಡೆದವರನ್ನ ಕೇಳಿದೆ. ತೊಲೆ ಕಲ್ಲಿನ ಹಾಗಿದೆ ಅಂದ್ರು. ಈ ಬಡಗಿ ಸೂರಿನ ಕೆಲಸಾನೂ ತನಗೇ ಸಿಗಲಿ ಅಂತ ಹೆದರಿಸ್ತಾ ಇದ್ದಾನೆ. ನಿನ್ನ ಜೊತೆ ನಗ್ತಾ ಮಾತಾಡೋದೂ ಅದಕ್ಕೇ. ಹುಷಾರಾಗಿರಮ್ಮ."

ಕೊನೆಯ ಮಾತು ಅವಳ ಎದೆಗೆ ನಾಟಿತು. ಹಾಗಾದರೆ ಆ ನಗು... ಆ ಪೆನ್ಸಿಲ್ ಗುರುತು... ಎಲ್ಲವೂ ಕೆಲಸ ಗಿಟ್ಟಿಸಲೆಂದೇ? ನಾಚಿಕೆಯೂ ಸಿಟ್ಟೂ ಸೇರಿ ಅವಳ ಕಣ್ಣು ತುಂಬಿತು. ಅಷ್ಟರಲ್ಲಿ ಅವನನ್ನು ಕೆಲಸದಿಂದ ಬಿಡಿಸಿ, ಒಳಗೆ ಬಿಡಬಾರದೆಂದು ಕಾವಲುಗಾರನಿಗೆ ಹೇಳಿಯೂ ಆಗಿತ್ತು. ಸಂಜೆ ಗೇಟಿನ ಹೊರಗೆ ಕಾದು ನಿಂತಿದ್ದವನು ಅವಳನ್ನು ಕಂಡು ಮುಂದೆ ಬಂದ.

"ಮಿಸ್, ಒಂದೇ ಒಂದು ಮಾತು..."

"ಮಕ್ಕಳನ್ನ ಹೆದರಿಸಿ ಹೊಟ್ಟೆ ಹೊರೆಯೋರ ಜೊತೆ ನನಗೆ ಮಾತಿಲ್ಲ."

ಅವನ ಮುಖ ಕಪ್ಪಿಟ್ಟಿತು. ಅವಳು ತಿರುಗಿಯೂ ನೋಡದೆ ಹೋದಳು. ಮರುದಿನದಿಂದ ಅಭ್ಯಾಸ ಮತ್ತೆ ಹಾಲ್‌ನೊಳಗೆ ಶುರುವಾಯಿತು.

ಇಲ್ಲಿ ಆ ಶಾಲೆಯ ಒಂದು ಪದ್ಧತಿ ಹೇಳಲೇಬೇಕು. ಪ್ರತಿ ಶುಕ್ರವಾರ ಮಕ್ಕಳ ಚೀಲದಲ್ಲಿ ಒಂದು ಹಾಳೆ ಮನೆಗೆ ಹೋಗುತ್ತಿತ್ತು. ಅರ್ಧದಲ್ಲಿ 'ಈ ವಾರ ಏನಾಯಿತು', ಉಳಿದರ್ಧದಲ್ಲಿ 'ಮುಂದೆ ಏನಿದೆ'. ಯಾರಿಗೆ ಹಲ್ಲು ಬಿತ್ತು, ಯಾವ ತರಗತಿಯ ಮೀನು ಸತ್ತಿತು, ಲಸಿಕೆ ಹಾಕಲು ಯಾವತ್ತು ಬರುತ್ತಾರೆ, ಎಲ್ಲವೂ ಅದರಲ್ಲಿರುತ್ತಿತ್ತು. ಬರೆಯುತ್ತಿದ್ದವಳು ಇವಳೇ, ಅದಕ್ಕೇ ಊರಿನವರಿಗೆಲ್ಲ ಇವಳು 'ಹಾಳೆ ಮಿಸ್'. ಹಾಳೆಯ ಕೊನೆಯಲ್ಲಿ ಒಂದು ಚೀಟಿ ಇರುತ್ತಿತ್ತು. ಬರುತ್ತೇವೆ, ಬರುವುದಿಲ್ಲ, ಎಷ್ಟು ಜನ ಎಂದು ಗುರುತು ಹಾಕಿ, ಮನೆಯವರು ಅದನ್ನು ಹರಿದು ಸೋಮವಾರ ಕಳಿಸಬೇಕು. ಇವಳು ಗುರುತುಗಳನ್ನು ಎಣಿಸಿ, ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ, ಮೇಜಿನ ಕೆಳಗಿನ ಪೆಟ್ಟಿಗೆಗೆ ಹಾಕಿಬಿಡುತ್ತಿದ್ದಳು. ಹಿಂಬದಿ ಹೇಗೂ ಖಾಲಿ, ಮುಂದೆಂದೋ ಮಕ್ಕಳಿಗೆ ಚಿತ್ರ ಬರೆಯಲು ಬೇಕಾಗುತ್ತದೆ. ಎಂಟು ವರ್ಷದಲ್ಲಿ ಒಂದು ಚೀಟಿಯನ್ನೂ ಅವಳು ತಿರುಗಿಸಿ ನೋಡಿರಲಿಲ್ಲ.

ಮೊದಲ ಸೋಮವಾರ ಚೀಟಿಗಳು ಬಂದವು. ಎರಡನೆಯ ಸೋಮವಾರವೂ ಬಂದವು. ಅವಳು ಎಣಿಸಿದಳು, ಕಟ್ಟಿದಳು, ಪೆಟ್ಟಿಗೆಗೆ ಹಾಕಿದಳು.

ಹಾಲ್ ಮಾತ್ರ ಸುಮ್ಮನಿರಲಿಲ್ಲ. ಹಾಡುವಾಗ ಮಕ್ಕಳ ತಲೆಯ ಮೇಲೆ ಹಳದಿ ಪುಡಿ ಬೀಳುತ್ತಿತ್ತು. ಅವರು ಅದಕ್ಕೆ 'ಹಿಟ್ಟು ಬಿತ್ತು' ಎಂದು ಹೆಸರಿಟ್ಟು, ಯಾರ ತಲೆಯ ಮೇಲೆ ಹೆಚ್ಚು ಬಿತ್ತೆಂದು ಆಟ ಆಡುತ್ತಿದ್ದರು. ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಚೌಕಟ್ಟಿಗೆ ಸಿಕ್ಕಿಹಾಕಿಕೊಳ್ಳತೊಡಗಿತು. ಮಧ್ಯಾಹ್ನದ ಬಿಸಿಲಿಗೆ ಮೇಲಿನಿಂದ ಒಮ್ಮೊಮ್ಮೆ ಕಟ್ ಎಂದು ಸದ್ದು ಬರುತ್ತಿತ್ತು. ಹಳೆ ಕಟ್ಟಡ, ಬಿಸಿಲಿಗೆ ಹಾಗೇ ಎಂದು ಅವಳು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಮೂರನೆಯ ಸೋಮವಾರ ಗುಬ್ಬಿಯ ಚೀಟಿಯಲ್ಲಿ 'ಬರುವುದಿಲ್ಲ' ಎಂದು ಗುರುತು ಬಿದ್ದಿತ್ತು. ಹಾಡಿನ ಕೊನೆಯ ಸಾಲು ಗುಬ್ಬಿ ಒಬ್ಬಳೇ ಹಾಡಬೇಕಿತ್ತು. ನನ್ನ ಮೇಲಿನ ಸಿಟ್ಟನ್ನು ಮಗುವಿನ ಮೇಲೆ ತೀರಿಸಿಕೊಳ್ಳುತ್ತಿದ್ದಾನೆ... ಎಷ್ಟು ಸಣ್ಣ ಮನುಷ್ಯ! ಅವಳು ಆ ಚೀಟಿಯನ್ನೂ ಕಟ್ಟಿಗೆ ಸೇರಿಸಿದಳು.

ಗುರುವಾರ ಮಧ್ಯಾಹ್ನ. ವಾರ್ಷಿಕೋತ್ಸವ ಶನಿವಾರ. ಮಕ್ಕಳಿಗೆ ಚಿತ್ರ ಬರೆಯಲೆಂದು ಅವಳು ಪೆಟ್ಟಿಗೆಯಲ್ಲಿದ್ದ ಚೀಟಿಗಳನ್ನು ಹಂಚಿದಳು. ಸ್ವಲ್ಪ ಹೊತ್ತಿಗೆ ಗುಬ್ಬಿ ಮೇಜಿನ ಹತ್ತಿರ ಬಂದು ನಿಂತಳು.

"ಮಿಸ್, ಇದರಲ್ಲಿ ಬರೆಯೋಕೆ ಜಾಗ ಇಲ್ಲ. ಮಾಮ ಬರೆದುಬಿಟ್ಟಿದ್ದಾರೆ."

ಅವಳು ಚೀಟಿ ತೆಗೆದುಕೊಂಡು ಓದಿದಳು. 'ಮಿಸ್, ಗೇಟಿನ ಹತ್ತಿರ ನೀವು ಕೇಳಿಸಿಕೊಳ್ಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಧ್ಯದ ತೊಲೆ ಒಳಗೆ ಪೊಳ್ಳು. ಆ ಕೆಲಸ ನನಗೆ ಬೇಡ. ಬೇರೆ ಯಾವ ಬಡಗಿಯನ್ನಾದರೂ ಕರೆಸಿ ತೋರಿಸಿ.'

ಅವಳು ಉಳಿದ ಕಟ್ಟುಗಳನ್ನು ಬಿಚ್ಚಿ ಹುಡುಕಿದಳು. ಎರಡನೆಯದು ಸಿಕ್ಕಿತು. 'ಉತ್ತರ ಬರಲಿಲ್ಲ. ಶಿಕ್ಷಣ ಇಲಾಖೆಯ ಕಚೇರಿಗೂ ಅರ್ಜಿ ಕೊಟ್ಟೆ, ಮುಂದಿನ ತಿಂಗಳು ಬಂದು ನೋಡುತ್ತಾರಂತೆ. ತೊಲೆ ಅಷ್ಟು ದಿನ ಕಾಯುವುದಿಲ್ಲ. ನೀವು ಹೇಳಿದರೆ ಮೇಡಂ ಕೇಳುತ್ತಾರೆ.'

ಮೂರನೆಯದು. 'ಅಭ್ಯಾಸವೂ ಹಾಲ್‌ನಲ್ಲೇ ಎಂದು ಗುಬ್ಬಿ ನಿನ್ನೆಯಷ್ಟೇ ಹೇಳಿದಳು. ಇನ್ನು ಅವಳನ್ನು ಅಲ್ಲಿಗೆ ಕಳಿಸುವುದಿಲ್ಲ. ಉಳಿದ ಮೂವತ್ತು ಮಕ್ಕಳಿಗೆ ಏನು ಮಾಡಲಿ ಎಂದು ತಿಳಿಯುತ್ತಿಲ್ಲ. ಎರಡು ಸಲ ಓದಿಯೂ ನೀವು ಸುಮ್ಮನಿದ್ದೀರಿ. ಮೆಟ್ಟಿಲಿಗೆ ಗುರುತು ಹಾಕಿದ ದಿನ ನಿಮ್ಮನ್ನು ನೋಡಿ ಬೇರೆ ಏನೇನೋ ಅಂದುಕೊಂಡಿದ್ದೆ. ತಪ್ಪು ನನ್ನದೇ.'

ಅವಳು ಮಕ್ಕಳಿಗೆ ಬೆನ್ನು ಮಾಡಿ ನಿಂತು ಅತ್ತಳು. ಮೂರು ವಾರ ಆ ಮನುಷ್ಯ ಕೂಗಿ ಹೇಳುತ್ತಿದ್ದ, ನಾನು ಎಣಿಸುತ್ತಾ ಕೂತಿದ್ದೆ!

ದೊಡ್ಡ ಮೇಡಂ ಚೀಟಿಗಳನ್ನು ಓದಿದರು, ಮಡಚಿ ಹಿಂದಕ್ಕೆ ಕೊಟ್ಟರು. ಶನಿವಾರ ಕಳೆಯಲಿ, ಆಮೇಲೆ ನೋಡಿಸೋಣ, ಅತಿಥಿಗಳಿಗೆ ಆಹ್ವಾನ ಹೋಗಿದೆ ಎಂದರು. ಅವಳು ಬೇಡಿಕೊಂಡಳು. ಈ ವಾರದ ಹಾಳೆಗೆ ಸಹಿ ಹಾಕಿಯಾಗಿದೆ, ಹಾಗೇ ಹಂಚು ಎಂದಷ್ಟೇ ಉತ್ತರ ಬಂತು.

ಶುಕ್ರವಾರ ಅವಳು ಎಲ್ಲರಿಗಿಂತ ಮೊದಲು ಶಾಲೆಗೆ ಬಂದು ಹಾಳೆಯನ್ನು ಹೊಸದಾಗಿ ಬರೆದಳು. 'ಮುಂದೆ ಏನಿದೆ: ವಾರ್ಷಿಕೋತ್ಸವ, ಶನಿವಾರ, ಅಂಗಳದಲ್ಲಿ. ಹಾಲ್‌ನೊಳಗೆ ಯಾರೂ ಹೋಗಬಾರದು. ಮಧ್ಯದ ತೊಲೆ ಪೊಳ್ಳಾಗಿದೆ ಎಂದು ಗುಬ್ಬಿಯ ಮಾವ ಮೂರು ವಾರದಿಂದ ಹೇಳುತ್ತಿದ್ದಾರೆ. ಓದದೇ ಇದ್ದವಳು ನಾನು.' ಕೆಳಗೆ ತನ್ನ ಸಹಿಯನ್ನೇ ಹಾಕಿದಳು. ಸಂಜೆಯೊಳಗೆ ಆ ಹಾಳೆ ಇನ್ನೂರು ಮನೆ ಸೇರಿತು. ಕೆಲಸ ಹೋದಂತೆಯೇ ಎಂದು ಅವಳಿಗೆ ಗೊತ್ತಿತ್ತು.

ಒಂದು ಹಾಳೆಯನ್ನು ಅವಳೇ ಅವನ ಮರದಂಗಡಿಗೆ ತೆಗೆದುಕೊಂಡು ಹೋದಳು. ಅವನು ಗರಗಸ ಕೆಳಗಿಟ್ಟ, ಆದರೆ ಬನ್ನಿ ಎನ್ನಲಿಲ್ಲ.

"ಈಗ ಓದೋಕೆ ಪುರುಸೊತ್ತಾಯ್ತಾ?"

"ನಿನ್ನೆ ಓದಿದೆ. ನಿನ್ನೇನೇ ಮೊದಲು ಓದಿದ್ದು. ನಾನು ಚೀಟಿ ಎಣಿಸ್ತೀನಿ ಅಷ್ಟೇ... ಯಾವತ್ತೂ ತಿರುಗಿಸಿ ನೋಡಿಲ್ಲ."

ಅವನು ನಂಬಲಿಲ್ಲ. ಹಾಳೆ ಹಿಡಿದು ಕೊನೆಯ ಸಾಲನ್ನು ಎರಡು ಸಲ ಓದಿದ. ಮೆಲ್ಲಗೆ ಅವನ ಭುಜ ಇಳಿಯಿತು. ನಾಳೆ ಬೆಳಗ್ಗೆ ಬೇಗ ಬರ್ತೀನಿ, ಹಾಲ್‌ಗೆ ಅಡ್ಡ ಹಗ್ಗ ಕಟ್ಟಬೇಕು ಎಂದ.

ಆದರೆ ಮರುದಿನ ಬೆಳಗ್ಗೆ ಅವರಿಬ್ಬರೂ ಬರುವ ಹೊತ್ತಿಗೆ ಹಾಲ್‌ನ ಬಾಗಿಲು ತೆರೆದಿತ್ತು. ಒಳಗೆ ಮೊದಲ ಸಾಲಿನ ನಡುವಿನ ಕುರ್ಚಿಯಲ್ಲಿ, ರೇಷ್ಮೆ ಸೀರೆ ಉಟ್ಟು, ದೊಡ್ಡ ಮೇಡಂ ಒಬ್ಬರೇ ಕೂತಿದ್ದರು.

"ನಾನಿಲ್ಲೇ ಕೂತಿರ್ತೀನಿ. ಎಲ್ಲರೂ ಬಂದು ನೋಡಲಿ, ಬೀಳುತ್ತಾ ಅಂತ," ಎಂದರು, ತಿರುಗದೆಯೇ.

ಮೇಲೆ ಕಟ್ ಎಂದಿತು. ಅಂಗಳದಲ್ಲಿ ಆಗಲೇ ತಂದೆತಾಯಂದಿರು ಮಕ್ಕಳ ಕೈಹಿಡಿದು ಬರತೊಡಗಿದ್ದರು. ಅವಳು ಒಳಗೆ ಕಾಲಿಡುವಷ್ಟರಲ್ಲಿ ಅವನು ಅವಳ ತೋಳು ಹಿಡಿದು ಹಿಂದಕ್ಕೆ ಎಳೆದ. ಮಕ್ಕಳನ್ನ ದೂರ ಇಟ್ಕೊಳ್ಳಿ ಎಂದಷ್ಟೇ ಹೇಳಿ ತಾನು ಒಳಗೆ ಹೋದ.

ಅವನಿಗೇನಾದರೂ ಆದರೆ... ಆ ಕ್ಷಣ ಅವಳಿಗೆ ಯಾವ ಅನುಮಾನವೂ ಉಳಿಯಲಿಲ್ಲ. ಅವನಿಲ್ಲದೆ ತಾನಿಲ್ಲ ಎಂದು ಗೊತ್ತಾಗಲು ಬಾಗಿಲಲ್ಲಿ ನಿಂತ ಆ ಎರಡು ನಿಮಿಷ ಸಾಕಾಯಿತು.

ಅವನು ವಾದ ಮಾಡಲಿಲ್ಲ. ಮೇಡಂ ಪಕ್ಕದಲ್ಲಿ ಮಂಡಿಯೂರಿ ಕೂತು, ಅವರ ಭುಜದ ಮೇಲೆ ಬೆರಳಾಡಿಸಿ, ಆ ಬೆರಳನ್ನು ಅವರ ಕಣ್ಣ ಮುಂದೆ ಹಿಡಿದ. ಬೆರಳ ತುಂಬಾ ಹಳದಿ ಪುಡಿ. ಅವರು ತಮ್ಮ ಮಡಿಲು ನೋಡಿಕೊಂಡರು. ರೇಷ್ಮೆಯ ಮೇಲೆಲ್ಲ ಪುಡಿ ಬಿದ್ದಿತ್ತು, ಕೂತು ಕಾಲು ಗಂಟೆಯೂ ಆಗಿರಲಿಲ್ಲ.

"ಮಕ್ಕಳು ನಿಮ್ಮನ್ನ ಕಾಯ್ತಾ ಇದ್ದಾರೆ, ಬನ್ನಿ," ಎಂದ.

ಅವರು ಎದ್ದರು. ಮುದುಕಿಯ ಕೈಹಿಡಿದು ಅವನು ಒಂದೊಂದೇ ಹೆಜ್ಜೆ ಇಡುತ್ತಾ ಹೊರಗೆ ಕರೆತಂದ. ಬಾಗಿಲಿಗೆ ಹಗ್ಗ ಬಿತ್ತು. ಕುರ್ಚಿಗಳಿಲ್ಲದ ಅಂಗಳದಲ್ಲಿ ಎಲ್ಲರೂ ನೆಲದ ಮೇಲೆಯೇ ಕೂತರು.

ಮೂರನೆಯ ತರಗತಿಯ ಹಾಡು ಮುಗಿಯುತ್ತಾ ಬಂದಿತ್ತು. ಕೊನೆಯ ಸಾಲಿಗೆ ಗುಬ್ಬಿ ಬಾಯಿ ತೆರೆದಳು. ಆಗ ಹಾಲ್ ಒಳಗಿಂದ ಏನೋ ಸೀಳಿದ ಸದ್ದು, ಅದರ ಹಿಂದೆಯೇ ನೆಲ ನಡುಗುವ ಸದ್ದು. ಸೂರಿನ ನಡುಭಾಗ ಕುಸಿದು ಹೆಂಚುಗಳೆಲ್ಲ ಒಳಕ್ಕೆ ಸುರಿದವು. ಬಾಗಿಲಿಂದ ಧೂಳು ಅಂಗಳಕ್ಕೆ ನುಗ್ಗಿ ಬಂತು.

ಅಳು, ಕೂಗು, ಓಟ. ಅವಳು ಮಕ್ಕಳನ್ನು ಗೋಡೆಯಿಂದ ದೂರ ಸೇರಿಸಿ ತಲೆ ಮುಟ್ಟಿ ಮುಟ್ಟಿ ಎಣಿಸಿದಳು. ಮೂವತ್ತೊಂದು. ನಂಬಿಕೆಯಾಗಲಿಲ್ಲ. ಮತ್ತೆ ಎಣಿಸಿದಳು, ಮೂವತ್ತೊಂದು. ಮತ್ತೆ ಶುರು ಮಾಡಿದಳು. ಅವಳ ಕೈಯನ್ನು ಒಂದು ಒರಟು ಕೈ ಹಿಡಿದು ನಿಲ್ಲಿಸಿತು.

"ಎಲ್ಲರೂ ಇದ್ದಾರೆ. ನಾನೂ ಎಣಿಸಿದೆ."

ದೊಡ್ಡ ಮೇಡಂ ಕುಸಿದ ಸೂರಿನ ಕಡೆ ನೋಡಿದರು. ಆಮೇಲೆ ಅವಳ ಹತ್ತಿರ ಬಂದರು. ಮುಂದಿನ ಹಾಳೆಯಲ್ಲಿ ನನ್ನ ತಪ್ಪನ್ನೂ ಬರಿ, ಅದಕ್ಕೆ ನಾನೇ ಸಹಿ ಹಾಕ್ತೀನಿ ಎಂದರು. ಅವನ ಕಡೆ ತಿರುಗಿ ಕೈಮುಗಿದರು. ಅವನು ಗಾಬರಿಯಾಗಿ ಅವರ ಕೈಗಳನ್ನು ಹಿಡಿದುಕೊಂಡ.

ಮಧ್ಯಾಹ್ನದ ಹೊತ್ತಿಗೆ ಅಂಗಳ ಖಾಲಿಯಾಯಿತು. ಗುಬ್ಬಿ ಅಜ್ಜಿಯ ಮಡಿಲಲ್ಲಿ ನಿದ್ದೆಹೋಗಿದ್ದಳು. ಅವರಿಬ್ಬರೂ ಧೂಳಿನ ಮೈಯಲ್ಲೇ ಪಕ್ಕಪಕ್ಕ ಕೂತಿದ್ದರು.

"ಗೇಟಿನ ಹತ್ತಿರ ನಾನು ಆಡಿದ ಮಾತು..." ಎಂದು ಅವಳು ಶುರು ಮಾಡಿದಳು.

"ಬಿಡಿ. ಮೂರನೇ ಚೀಟೀಲಿ ನಾನೂ ಕಡಿಮೆ ಏನಿಲ್ಲ."

"ಅದರಲ್ಲಿ ಬೇರೆ ಏನೇನೋ ಅಂದುಕೊಂಡಿದ್ದೆ ಅಂತ ಇತ್ತು. ಏನದು?"

ಅವನ ಕಿವಿ ಕೆಂಪಾಯಿತು. "ಬರೆದು ಕೊಡ್ಲಾ?"

"ಬೇಡಪ್ಪಾ. ನಾನು ಓದೋವಳಲ್ಲ ಅಂತ ಊರಿಗೇ ಗೊತ್ತಾಗಿದೆ. ಬಾಯಲ್ಲೇ ಹೇಳಿ."

ಅವನು ಅಂಗೈಯ ಧೂಳು ಒರೆಸಿಕೊಂಡ. ಆಮೇಲೆ ಮೊದಲ ಸಲ ನಕ್ಕ ದಿನದ ಹಾಗೆ ನೇರವಾಗಿ ಅವಳ ಮುಖ ನೋಡಿದ.

"ಗುಬ್ಬಿ ನಿಮ್ಮನ್ನ ಅತ್ತೆ ಅಂತ ಕರೆಯೋ ಹಾಗಾದ್ರೆ ಎಷ್ಟು ಚೆನ್ನ ಅಂತ ಅಂದುಕೊಂಡಿದ್ದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳುವೂ ನಗುವೂ ಒಟ್ಟಿಗೇ ಬರುತ್ತಿದ್ದವು.

"ಶಾಲೇಲಿ ಮಿಸ್ ಅಂತಲೇ ಕರೀಬೇಕು," ಎಂದಳು. "ಮನೇಲಿ... ಅತ್ತೆ ಅಂತ ಕರೀಲಿ."