ಫಕೀರವ್ವ ಆಯಿ ಗುಳಿಗಿ ಕೊಡಲಿಲ್ಲ

“ಆಯೀ, ಕೊಡಬ್ಯಾಡ!”

ಸಾವಂತ್ರಿ ಕೂಗುವಷ್ಟರಲ್ಲಿ ತಡವಾಗಿತ್ತು. ಫಕೀರವ್ವ ಆಯಿ ತನ್ನ ಬಿ.ಪಿ. ಗುಳಿಗಿಯನ್ನು ಬಾಜು ಮಂಚದ ಮಾಬುಸಾಬ ಅಜ್ಜನ ಅಂಗೈಯಲ್ಲಿ ಇಟ್ಟುಬಿಟ್ಟಿದ್ದಳು.

“ತಗೋ ಮಾಬಣ್ಣಾ, ನಿನ್ನ ಮೊಣಕಾಲ ಆರಾಮ ಆಕ್ಕತಿ.”

ಬಾಗಿಲಲ್ಲಿ ಧಾರವಾಡದ ಸಾಹೇಬರು ನಿಂತಿದ್ದರು. ಇನ್‌ಸ್ಪೆಕ್ಷನ್‌ಗೆಂದು ಬಂದವರು ಎಲ್ಲವನ್ನೂ ನೋಡಿದರು. ಅಜ್ಜನ ಕೈಯಿಂದ ಗುಳಿಗಿ ಕಸಿದುಕೊಂಡರು.

“ಒಬ್ಬರ ಔಷಧ ಇನ್ನೊಬ್ಬರಿಗೇನು? ಇದೇನು ಎಲಿ-ಅಡಿಕಿ ಅಂತ ತಿಳಿದೀರೇನು? ಜೀವಕ್ಕ ಕುತ್ತು ಬರತೈತಿ!”

ಕೆಂಪು ಪೆನ್ನಿನಿಂದ ‘ಫೇಲ್’ ಅಂತ ಬರೆದೇಬಿಟ್ಟರು. ಹದಿನೈದು ದಿನ ಬಿಟ್ಟು ಮತ್ತೆ ಬರುತ್ತಾರಂತೆ. ಆಗಲೂ ಹೀಗೇ ಇದ್ದರೆ ತಿರ್ಲಾಪುರದ ಈ ಆಸರೆ ಮನೆಗೆ ಬೀಗ. ಇಲ್ಲಿರುವ ಎಂಟು ಮಂದಿ ಮುದುಕರೂ ಒಬ್ಬೊಬ್ಬರು ಒಂದೊಂದು ಊರಿಗೆ.

ಸಾವಂತ್ರಿಯ ಅವ್ವ ಸುಶೀಲವ್ವ ಇಲ್ಲಿ ಅಡುಗೆ ಮಾಡುತ್ತಾಳೆ, ಔಷಧವನ್ನೂ ಕೊಡುತ್ತಾಳೆ. ಸಾವಂತ್ರಿಗೆ ದಿನಾ ಜಡೆ ಹಾಕುವುದು ಮಾತ್ರ ಫಕೀರವ್ವ ಆಯಿ. ಆಯಿ ಇಲ್ಲದ ಮನೆಗೆ ಸಾಲಿಯಿಂದ ಬರೋದಾದರೂ ಯಾಕ?

ಸುಮ್ಮನೆ ಕೂರುವ ಹುಡುಗಿಯೇ ಅವಳು? ಡ್ರಾಯಿಂಗ್ ಶೀಟ್ ಕತ್ತರಿಸಿ ಎಂಟು ಮಂದಿಯ ಗುಳಿಗಿ ಡಬ್ಬಿಗೆ ಅಂಟಿಸಿದಳು. ಓದು ಬಾರದವರಿಗೆ ಹೆಸರು ಬರೆದು ಏನು ಉಪಯೋಗ? ಆಯಿಯ ಡಬ್ಬಿಗೆ ಗಿಳಿಯ ಚಿತ್ರ, ಅಜ್ಜನ ಡಬ್ಬಿಗೆ ಎತ್ತು. ಎತ್ತು ಸ್ವಲ್ಪ ಆಡಿನ ಹಾಗೆ ಕಾಣುತ್ತಿತ್ತು, ಇರಲಿ ಬಿಡಿ.

ಮರುದಿನ ಮುಂಜಾನೆ ಆಯಿ ಗಿಳಿ ಡಬ್ಬಿ ತೆರೆದಳು. ಗುಳಿಗಿಯನ್ನು ಮತ್ತೆ ಅಜ್ಜನ ಮುಂದೆ ಹಿಡಿದಳು! ಸಾವಂತ್ರಿ ಓಡಿಹೋಗಿ ಅವಳ ಕೈ ಹಿಡಿದುಕೊಂಡಳು.

“ಎಷ್ಟ ಸಲ ಹೇಳಬೇಕು ಆಯೀ ನಿನಗ?”

“ನೋವು ಅಂತ ನರಳತಾನ. ಕೈಯಾಗ ಇಟ್ಕೊಂಡು ಇಲ್ಲ ಅನ್ನಲೇನ? ಎಲಿ ಕೇಳಿದ್ರ ಕೊಡತೀನಿ, ಇದೂ ಹಂಗ.”

ಸಾವಂತ್ರಿಗೆ ಸಿಟ್ಟೂ ಬಂತು, ಅಳುವೂ ಬಂತು. ಇಂಥ ಧಾರಾಳಿಗೆ ಏನು ಹೇಳೋದು?

ಅವತ್ತು ರವಿವಾರ. ಮಧ್ಯಾಹ್ನ ಅವಳೇ ಬಡಿಸುತ್ತಿದ್ದಳು. ಮಾಬುಸಾಬ ಅಜ್ಜ ಉಪ್ಪು ಕೇಳಿದ. ಅವಸರದಲ್ಲಿ ಅವನ ಅಂಗೈಗೇ ಸುರಿಯಲು ಹೋದಳು. ಆಯಿ ಅವಳ ಕೈಮೇಲೆ ಪಟ್ಟನೆ ಹೊಡೆದಳು.

“ಏ ಹುಚ್ಚಿ! ಉಪ್ಪು ಯಾರರ ಕೈಯಾಗ ಕೊಡತಾರೇನಬೇ? ಜಗಳಾ ಆಕ್ಕತಿ! ತಾಟಿನ್ಯಾಗ ಹಾಕು.”

ಸಾವಂತ್ರಿ ಕೈ ತಿಕ್ಕಿಕೊಳ್ಳುತ್ತ ಆಯಿಯನ್ನೇ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

“ಆಯೀ, ಗುಳಿಗಿನೂ ಉಪ್ಪಿನಂಗ ಬೆಳ್ಳಗ ಐತೆಲ್ಲ?”

“ಐತಿ. ಏನೀಗ?”

“ಅವತ್ತ ನೀ ಅದನ್ನ ಅಜ್ಜನ ಕೈಯಾಗ ಕೊಟ್ಟಿ. ಸಾಹೇಬ್ರು ಎಂಥಾ ಜಗಳಾ ತಗದ್ರು ನೋಡಿದಿಲ್ಲೋ?”

ಆಯಿ ಬಾಯಿಮೇಲೆ ಕೈ ಇಟ್ಟುಕೊಂಡಳು. “ಹೌದಲ್ಲಬೇ ಮತ್ತ!”

ಗುಳಿಗಿಯೂ ಉಪ್ಪಿನಂಗ, ಕೈಯಾಗ ಕೊಟ್ಟರ ಜಗಳ ಅನ್ನುವ ಸುದ್ದಿ ಸಂಜೆಯೊಳಗೆ ಎಂಟೂ ಮಂಚಕ್ಕೆ ಮುಟ್ಟಿತು. ಮುಟ್ಟಿಸಿದವಳು ಆಯಿಯೇ.

ಹದಿನೈದನೇ ದಿನ ಸಾಹೇಬರು ಬಂದರು. ಡಬ್ಬಿ ನೋಡಿದರು, ಎತ್ತನ್ನು ನೋಡಿ “ಆಡು ಚೊಲೋ ಬಂದೈತಿ” ಅಂದರು. ಆಮೇಲೆ ಆಯಿಯ ಮುಂದೆ ಕೈ ಚಾಚಿದರು.

“ಅಮ್ಮಾ, ನನ್ನ ತಲಿ ಸಿಡ್ಯಾಕ ಹತ್ತೇತಿ. ನಿಮ್ಮ ಗುಳಿಗಿ ಒಂದು ಕೊಡ್ರಿ.”

ಆಯಿಯ ಕೈ ಡಬ್ಬಿಯ ಕಡೆ ಹೋಯಿತು, ಅದನ್ನು ದಾಟಿ ಎಲಿ-ಅಡಿಕಿ ಸಂಚಿಗೆ ಹೋಯಿತು.

“ಎಲಿ ಬೇಕಂದ್ರ ಹತ್ತು ತಗೋರ್ರಿ. ಗುಳಿಗಿ ಮಾತ್ರ ಕೇಳಬ್ಯಾಡ್ರಿ. ನಮಗೂ ನಿಮಗೂ ಮತ್ತ ಜಗಳಾ ಬ್ಯಾಡ.”

ಸಾಹೇಬರು ಜೋರಾಗಿ ನಕ್ಕರು. ಈ ಸಲ ನೀಲಿ ಪೆನ್ನು ತೆಗೆದು ‘ಪಾಸ್’ ಅಂತ ಬರೆದರು.

“ಇದನ್ನ ಯಾರು ಕಲಿಸಿದ್ರಮ್ಮಾ?”

ಸಾವಂತ್ರಿ ಒಂದು ಹೆಜ್ಜೆ ಮುಂದೆ ಬಂದಳು.

“ಕಲಿಸೋದೇನ್ರಿ?” ಆಯಿ ಕತ್ತು ನೆಟ್ಟಗೆ ಮಾಡಿ ಕೂತಳು. “ನಮ್ಮ ಹಿರ್ಯಾರ ಕಾಲದಿಂದ ಹಂಗ ಐತಿ!”

ಆಯಿ ಹಾಗೆ ಕೂತಿದ್ದನ್ನು ಸಾವಂತ್ರಿ ಇದುವರೆಗೆ ನೋಡಿರಲಿಲ್ಲ. ಅವಳು ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು.

ಸಾಹೇಬರು ಹೋದ ಮೇಲೆ ಅವ್ವ ಕೇಳಿದಳು, “ನಾನ ಕಲಿಸಿದ್ದು ಅಂತ ಯಾಕ ಹೇಳಲಿಲ್ಲ?”

“ಪರೀಕ್ಷಾಕ್ಕ ಕೂತಾಕಿ ಆಯಿ ಅಲ್ಲೇನವ್ವ?”

ಅಷ್ಟು ಹೇಳಿ ಅವಳು ಬಾಚಣಿಗೆ ಹುಡುಕಿ ತಂದು, ಆಯಿಗೆ ಬೆನ್ನು ಕೊಟ್ಟು ಕೂತಳು. ಇವತ್ತು ಆಯಿ ಜಡೆಯನ್ನು ಅಗದಿ ಬಿಗಿಯಾಗಿ ಹಾಕಿದಳು. ಸಾವಂತ್ರಿ ಒಮ್ಮೆಯೂ ‘ನೋವು’ ಅನ್ನಲಿಲ್ಲ.