ಮೂರನೇ ಹಳದಿ

"ಬಣ್ಣದ ಡ್ರಮ್ಮಿನ ಮುಚ್ಚಳ ಈ ಸಲವೂ ಸಡಿಲ," ಎಂದರು ಬಾಟ್ಲಿ ಸಾಹೇಬರು, ಅದರ ಮೇಲೆ ಕೈಯಿಟ್ಟು, ನನ್ನ ಮುಖ ನೋಡದೆ.

"ಅಯ್ಯೋ, ಹೌದಾ?" ಎಂದೆ. ಬೆಳಿಗ್ಗೆ ನಾನೇ ಸಡಿಲಿಸಿದ್ದೆ.

ನಮ್ಮದು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ. ಅಪ್ಪ ಕಟ್ಟಿದ್ದು, ನಾನು ನಡೆಸುತ್ತಿದ್ದೇನೆ. ಬಟ್ಟೆಯೆಲ್ಲ ಒಂದೇ ದೊಡ್ಡ ಕಂಪನಿಗೆ ಹೋಗುತ್ತದೆ. ಕೊಳಕು ನೀರು ನದಿಗೆ ಬಿಡಬಾರದೆಂದು ಪಟ್ಟು ಹಿಡಿದ ಆ ಕಂಪನಿಯೇ ಇವರನ್ನು ಪರೀಕ್ಷೆಗೆ ಕಳಿಸಿತ್ತು. ಮೋರಿಯ ನೀರನ್ನು ಬಾಟಲಿಗೆ ತುಂಬಿ ಬೆಳಕಿಗೆ ಹಿಡಿದು ನೋಡುವುದರಿಂದ ಕೆಲಸದವರು ಇಟ್ಟ ಹೆಸರು 'ಬಾಟ್ಲಿ ಸಾಹೇಬರು'. ಮೊದಮೊದಲು ಇವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಎರಡು ವರ್ಷದಲ್ಲಿ ನೀರು ತಿಳಿಯಾಯಿತು, ನಾನು ಕೆಟ್ಟೆ.

ನೀರು ತಿಳಿಯಾದ ಮೇಲೆ, ಸಣ್ಣ ತಪ್ಪು ಕಂಡು ಹಳದಿ ಗುರುತು ಬಿದ್ದರೆ ಮೂರು ತಿಂಗಳಿಗೆ ಮತ್ತೆ ಬರುತ್ತಾರೆ. ಹಸಿರು ಬಿದ್ದರೆ ಬರುವುದೇ ಇಲ್ಲ, ಫೋಟೋ ಕಳಿಸಿದರೆ ಸಾಕು. ಅದಕ್ಕೇ ಆ ಮುಚ್ಚಳ.

"ಎರಡು ಹಳದಿ ಆಗಿದೆ. ಮೂರನೇದು ಬಿದ್ರೆ ಆರ್ಡರ್ ನಿಲ್ಲಿಸ್ತಾರೆ. ನಾಳೆ ಬೇರೆಯವರು ಪರೀಕ್ಷೆಗೆ ಬರ್ತಾರೆ. ನಾನು ಇಲ್ಲಿಟ್ಟಿದ್ದ ನನ್ನ ಬಾಟಲಿ ಪೆಟ್ಟಿಗೆ ತಗೊಂಡು ಹೋಗೋಕಷ್ಟೇ ಬಂದೆ," ಎಂದರು ಅವರು.

"ಬೇರೆಯವರು ಯಾಕೆ?"

"ಹೋದ ಸಲ ನೀವು ಮುಚ್ಚಳ ತಿರುಗಿಸೋದು ಕಿಟಕಿಯಿಂದ ನೋಡಿದ್ದೆ. ಗೊತ್ತಿದ್ದೂ ಹಳದಿ ಹಾಕ್ದೆ. ಆಮೇಲೆ ಮನಸ್ಸು ತಡೀಲಿಲ್ಲ, ಕಂಪನಿಗೆ ಬರೆದು ಕೊಟ್ಟೆ."

"ಏನಂತ?"

ಅವರ ಕಿವಿ ಕೆಂಪಾಯಿತು. "ಮತ್ತೆ ಬರೋಕೆ ನೆಪ ಬೇಕಿತ್ತು, ಅವರಂದ್ರೆ ನಂಗೆ ಇಷ್ಟ ಅಂತ."

"ನಾನು ಕಾಯ್ತಾ ಕೂತಿದ್ದ ಮಾತನ್ನ ಹೋಗಿ ಕಂಪನಿಗೆ ಹೇಳಿದ್ರಾ? ನಿಮಗೇನು ತಲೆ ಕೆಟ್ಟಿದೆಯಾ?" ನನಗೆ ನಗುವೂ ಬಂತು, ಅಳುವೂ ಬಂತು.

"ಕಂಪನಿ ಷರತ್ತು ಹಾಕಿದೆ. ನೀವು ಅವರಿಗೆ ಬಟ್ಟೆ ಕೊಡ್ತಾ ಇರೋವರೆಗೂ ನಾನು ನಿಮ್ಮನ್ನ ನೋಡಬಾರದು, ಫೋನೂ ಮಾಡಬಾರದು. ಮಾಡಿದ್ರೆ ನಿಮ್ಮ ಆರ್ಡರ್ ಹೋಗುತ್ತೆ."

"ಕೆಲಸ ಬಿಟ್ಟರೆ?"

"ಬಿಟ್ಟರೂ ಅಷ್ಟೇ. ಸಹಿ ಹಾಕಿಸ್ಕೊಂಡಿದ್ದಾರೆ."

ಹಾಳಾಗಿ ಹೋಗಲಿ ಆ ಆರ್ಡರ್ ಎನ್ನಲು ಬಾಯಿ ತೆರೆದೆ. ಒಳಗೆ ನಲವತ್ತು ಜನ ಆವಿಯ ನಡುವೆ ಬೆವರುತ್ತಿದ್ದರು. ಅಲ್ಲಿಂದ ಯಾರೋ ಕೂಗಿದರು, "ಅಕ್ಕಾ, ನೀಲಿ ಬಟ್ಟೆ ತೆಗೀಲಾ?"

"ತೆಗೀರಿ," ಎಂದೆ.

ಬಾಟ್ಲಿ ಸಾಹೇಬರ ಕೈ ಇನ್ನೂ ಮುಚ್ಚಳದ ಮೇಲಿತ್ತು. ಅದರ ಮೇಲೆ ನನ್ನ ಕೈ ಇಟ್ಟೆ. ಮೊದಲ ಸಲ ಮುಟ್ಟಿದ್ದು. ಬೆರಳುಗಳು ಬೆಚ್ಚಗಿದ್ದವು. ಇಬ್ಬರೂ ಸೇರಿ ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿದೆವು.

"ಹೋಗಿ ಬರ್ತೀನಿ," ಎಂದರು, ಅಭ್ಯಾಸಬಲದಿಂದ. ನಾನು ಹೂಂ ಎಂದೆ.

ಮರುದಿನ ಹಸಿರು ಬಂತು. ಕೆಲಸದವರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.