ಕೇಳೇ ಇಲ್ಲದ ಕಂಪನಿ

ಬೇಡ!

ಗಾಜಿನ ಗೋಡೆಯ ಆಚೆ ಕುಳಿತಿದ್ದವನು ಬಾಯಿ ಬಿಡಲಿಲ್ಲ. ತಲೆಯನ್ನು ಮಾತ್ರ ಎಡಕ್ಕೂ ಬಲಕ್ಕೂ ಅಲ್ಲಾಡಿಸಿದ. ನೋಡಿದ್ದು ಬೇರೆ ಯಾರನ್ನೂ ಅಲ್ಲ... ನೇರವಾಗಿ ಅವಳನ್ನೇ!

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಯಾರಿವನು? ಗುರುತಿಲ್ಲ, ಪರಿಚಯವಿಲ್ಲ, ಎಂಥಾ ಧೈರ್ಯ!

ಅವಳು ನಿಂತಿದ್ದದ್ದು ಲ್ಯಾಪ್‌ಟಾಪ್ ಅಂಗಡಿಯ ಕೌಂಟರಿನ ಮುಂದೆ. ಎದುರಿಗೆ ತೆಳ್ಳಗೆ, ಬೆಳ್ಳಗೆ ಮಿನುಗುವ ಒಂದು ಲ್ಯಾಪ್‌ಟಾಪ್. ಪಕ್ಕದಲ್ಲಿ ಅಣ್ಣ. ಟೈ ಕಟ್ಟಿದ ಸೇಲ್ಸ್‌ನವನು ಬಿಲ್ ಹಾಕಲು ತುದಿಗಾಲಲ್ಲಿ ನಿಂತಿದ್ದ.

"ಇನ್ನೇನು ನೋಡೋದಿದೆ ಗುಬ್ಬಿ?" ಅಣ್ಣ ಅವಸರಪಡಿಸಿದ. "ನಮ್ಮನೇಲಿ ಫ್ರಿಜ್‌ನಿಂದ ಹಿಡಿದು ಫೋನ್ ತನಕ ಎಲ್ಲಾ ಇದೇ ಕಂಪನಿ. ಹೆಸರಿದೆ, ನಂಬಬಹುದು."

ಗುಬ್ಬಿ ಎನ್ನುವುದು ಚಿಕ್ಕಂದಿನಲ್ಲಿ ಅಣ್ಣನೇ ಇಟ್ಟ ಅಡ್ಡಹೆಸರು. ಹೆಸರು ಕೇಳಿ ಪುಕ್ಕಲಿ ಎಂದುಕೊಂಡರೆ ಕೆಟ್ಟಿರಿ. ಅವಳು ಗಾಜಿನ ಬಾಗಿಲು ತಳ್ಳಿಕೊಂಡು ರಿಪೇರಿ ಕೋಣೆಗೇ ನುಗ್ಗಿದಳು.

"ಏನ್ರೀ? ತಲೆ ಯಾಕೆ ಅಲ್ಲಾಡಿಸ್ತೀರಾ? ನಾನು ಏನು ತಗೊಂಡ್ರೆ ನಿಮಗೇನು?"

ಅವನು ಅವಳ ಹೆಗಲಿನಾಚೆ ನೋಡಿದ. ಹೊರಗೆ ಅಂಗಡಿ ಮಾಲೀಕರು ಇತ್ತಲೇ ನೋಡುತ್ತಿದ್ದರು.

"ಕತ್ತು ಹಿಡ್ಕೊಂಡಿದೆ ಮೇಡಂ," ಎಂದ ಮೆಲ್ಲಗೆ.

"ಓಹೋ! ನನ್ನನ್ನ ನೋಡಿದಾಗಲೇ ಹಿಡ್ಕೊಂಡಿತಾ?"

ಅವನು ಮೇಜಿನ ಮೇಲೆ ಹೊದಿಸಿದ್ದ ಬಟ್ಟೆಯನ್ನು ಸುಮ್ಮನೆ ಪಕ್ಕಕ್ಕೆ ಸರಿಸಿದ. ಅದರಡಿ ಅದೇ ತೆಳ್ಳನೆಯ, ಬೆಳ್ಳನೆಯ ಲ್ಯಾಪ್‌ಟಾಪ್‌ಗಳು ಸಾಲಾಗಿ ಮಲಗಿದ್ದವು. ಪ್ರತಿಯೊಂದರ ಮುಚ್ಚಳವೂ ಕೀಲಿನ ಹತ್ತಿರ ಮುರಿದು ಬಾಯಿ ಬಿಟ್ಟಿತ್ತು.

ಬೆಳ್ಳಗಿರುವುದೆಲ್ಲ ಹಾಲಲ್ಲ!

ಗುಬ್ಬಿ ಹೊರಗೆ ಬಂದಳು. "ಅಣ್ಣ, ಇದು ಬೇಡ."

"ಏನಂದೆ?"

"ಬೇಡ ಅಂದೆ."

ಅಣ್ಣ ಅವಳನ್ನು ಹೊಸಬಳಂತೆ ನೋಡಿದ. ಅಪ್ಪ ಹೋದ ಮೇಲೆ ಅವಳ ಶಾಲೆ, ಕಾಲೇಜು, ಕನ್ನಡಕದ ಫ್ರೇಮು ಎಲ್ಲವನ್ನೂ ಆರಿಸಿದವನು ಅವನೇ. ಪ್ರೀತಿಗೇನೂ ಕಡಿಮೆ ಇರಲಿಲ್ಲ. ಆದರೆ ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಜಾತಿಯ ಪ್ರೀತಿ ಅದು.

ಅಣ್ಣನದು ಮನೆ ಕಟ್ಟಿಸಿಕೊಡುವ ಕೆಲಸ. ಅವನ ಆಫೀಸಿನಲ್ಲಿ ಮನೆಗಳ ಪ್ಲಾನ್ ಬಿಡಿಸುತ್ತಿದ್ದವಳು ಗುಬ್ಬಿ. ಗೆರೆ ಅವಳದು, ಕೆಳಗೆ ಬೀಳುವ ಮುದ್ರೆ ಅಣ್ಣನದು. ಮೊನ್ನೆ ನಿವೃತ್ತ ಟೀಚರೊಬ್ಬರು ಬಂದು, "ನನಗೆ ಅಡುಗೆ ಮಾಡ್ತಾ ಮಾಡ್ತಾ ರಸ್ತೆ ಕಾಣಬೇಕಮ್ಮ," ಎಂದಿದ್ದರು. ಅಡುಗೆಮನೆ ಹಿಂದುಗಡೆ ಇರುವುದೇ ಸರಿ ಎಂದು ಅಣ್ಣ ವಾದಿಸಿದ್ದ. ಟೀಚರ್ ಗುಬ್ಬಿಯ ಕಡೆ ತಿರುಗಿ, "ನೀನೇ ಮಾಡಿಕೊಡು. ನಿನ್ನ ಹೆಸರಲ್ಲೇ ಮಾಡಿಕೊಡು," ಎಂದುಬಿಟ್ಟಿದ್ದರು.

ಅವಳ ಸ್ವಂತದ ಮೊದಲ ಕೆಲಸ! ಅದಕ್ಕೇ ಬೇಕಿತ್ತು ಸ್ವಂತದ್ದೊಂದು ಲ್ಯಾಪ್‌ಟಾಪ್.

ಮರುದಿನ ಅವಳು ಒಬ್ಬಳೇ ಬಂದಳು. ಸೀದಾ ರಿಪೇರಿ ಕೋಣೆಗೆ. ಅಂಗಡಿಯವರು ಅವನನ್ನು ಮೌನಿ ಎಂದು ಕರೆಯುತ್ತಾರೆಂದು ಆಗ ಗೊತ್ತಾಯಿತು.

"ಕತ್ತು ಹೇಗಿದೆ?"

"ಪರವಾಗಿಲ್ಲ ಮೇಡಂ. ಇವತ್ತು ಆ ಕಡೆ ಈ ಕಡೆ ತಿರುಗುತ್ತೆ."

ಅವಳಿಗೆ ನಗು ಬಂತು. ತಡೆದುಕೊಂಡಳು. "ಸರಿ, ಹೇಳಿ. ನಂಬೋ ಅಂಥ ಕಂಪನಿ ಯಾವುದು?"

"ನಾನು ಹೇಳಲ್ಲ."

"ಅಂದ್ರೆ?"

"ಏನು ಕೆಲಸ ಮಾಡ್ತೀರಾ ಅಂತ ನೀವು ಹೇಳಿ. ಒಂದೊಂದರ ಒಳಗೆ ಏನಿದೆ ಅಂತ ನಾನು ಬಿಚ್ಚಿ ತೋರಿಸ್ತೀನಿ. ಆರಿಸೋದು ನೀವೇ."

ಆರಿಸೋದು ನೀವೇ... ಇಷ್ಟು ವರ್ಷದಲ್ಲಿ ಈ ಮಾತನ್ನು ಅವಳಿಗೆ ಯಾರಾದರೂ ಹೇಳಿದ್ದರೇ? ಕನ್ನಡಕ ತೆಗೆದು ಒರೆಸಿಕೊಂಡಳು. ಛೆ, ಇಷ್ಟಕ್ಕೆಲ್ಲ ಅಳುವುದೇ!

ಅವನು ಸ್ಕ್ರೂಡ್ರೈವರನ್ನು ಅವಳ ಕೈಗೇ ಕೊಟ್ಟ. ಹಿಂಬದಿ ತೆಗೆಸಿದ. ಫ್ಯಾನ್ ಎಲ್ಲಿದೆ, ಬ್ಯಾಟರಿಯನ್ನು ಬೇರೆ ಮಾಡಬಹುದೋ ಅಥವಾ ಅಂಟಿಸಿಬಿಟ್ಟಿದ್ದಾರೋ, ಕೀಲು ಕೂತಿರುವುದು ಲೋಹದ ಮೇಲೋ ಪ್ಲಾಸ್ಟಿಕ್ ಮೇಲೋ, ಎಲ್ಲ ತೋರಿಸಿದ. ಬೆರಳುದ್ದದ ಹಸಿರು ಮೆಮೊರಿ ಪಟ್ಟಿಯನ್ನು ಎತ್ತಿ, "ಇದು ಟಕ್ ಅಂತ ಕೂರಬೇಕು. ಸಡಿಲ ಆದ್ರೆ ಪರದೆ ಕಪ್ಪಾಗುತ್ತೆ," ಎಂದ.

"ಕೆಡದೇ ಇರೋ ಕಂಪನಿ ಇಲ್ವಾ?"

"ಇಲ್ಲ ಮೇಡಂ. ಎಲ್ಲಾ ಒಂದಲ್ಲ ಒಂದು ದಿನ ಕೆಡುತ್ತೆ. ಕೆಟ್ಟಾಗ ಹತ್ತಿರ ಯಾರಿರ್ತಾರೆ ಅಂತ ನೋಡಿ ತಗೊಳ್ಳಿ. ಬಿಡಿಭಾಗ ಸಿಗುತ್ತಾ, ಬಿಚ್ಚೋಕೆ ಬರುತ್ತಾ, ಸರ್ವೀಸ್ ಈ ಊರಲ್ಲಿದೆಯಾ... ಅಷ್ಟೇ."

ಅವಳು ಆರಿಸಿದ್ದು ದಪ್ಪನೆಯ, ಕಪ್ಪನೆಯ, ನೋಡಲು ಒಂದಿಷ್ಟೂ ಚಂದವಿಲ್ಲದ ಒಂದನ್ನು. ಕೀಲು ಮಾತ್ರ ಬಾಗಿಲಿನದರಷ್ಟು ಗಟ್ಟಿ. ಕಂಪನಿಯ ಹೆಸರು ಮನೆಯಲ್ಲಿ ಯಾರೂ ಕೇಳಿರಲಿಲ್ಲ.

ಇನ್ನೊಂದು ಮೆಮೊರಿ ಪಟ್ಟಿ ಹಾಕಿಕೊಡಲು ಹೇಳಿ ಅವಳು ಬಿಲ್ ಕೊಡಲು ಹೋದಳು. ಮರಳಿ ಬಂದಾಗ ಲ್ಯಾಪ್‌ಟಾಪ್ ಚೀಲದೊಳಗೆ ಸೇರಿತ್ತು. ಅವನು ಪುಟ್ಟ ಬಾಟಲಿಯೊಂದರ ಮುಚ್ಚಳ ತಿರುಗಿಸಿ ಅಂಗಿಯ ಜೇಬಿಗೆ ಇಳಿಸುತ್ತಿದ್ದ.

ಕಡುಗೆಂಪು ನೇಲ್ ಪಾಲಿಶ್!

"ಇದನ್ನ ಬೇರೆ ಯಾರ ಕೈಗೂ ಕೊಡಬೇಡಿ ಮೇಡಂ," ಎಂದ ಅವನು. "ಯಾರಾದ್ರೂ ಬಿಚ್ಚಿದ್ರೆ ನನಗೆ ಗೊತ್ತಾಗುತ್ತೆ."

ಅವಳ ಕಿವಿಗೆ ಅದು ಬೀಳಲೇ ಇಲ್ಲ ಎನ್ನಬೇಕು. ಕಣ್ಣೆಲ್ಲ ಆ ಜೇಬಿನ ಮೇಲಿತ್ತು. ಯಾರದ್ದು ಅದು? ಯಾರಿಗೆ?

ಮನೆಯಲ್ಲಿ ಅಣ್ಣ ಲ್ಯಾಪ್‌ಟಾಪನ್ನು ತಿರುಗಿಸಿ ಮುರುಗಿಸಿ ನೋಡಿದ. "ಇದ್ಯಾವುದು? ಕೇಳೇ ಇಲ್ಲದ ಕಂಪನಿ!"

"ನಾನು ಕೇಳಿದ್ದೀನಿ. ಸಾಕು."

"ಅಹಂಕಾರ ನೋಡು! ಸರಿ, ಪಂಥ ಕಟ್ತೀಯಾ? ಟೀಚರ್ ಪ್ಲಾನ್ ಮುಗಿಯೋದ್ರೊಳಗೆ ಈ ಡಬ್ಬ ಕೈಕೊಟ್ರೆ ನೀನು ವಾಪಸ್ ನನ್ನ ಆಫೀಸಿಗೆ ಬರಬೇಕು. ಟೈಲ್ಸ್ ಅಂಗಡಿಯವರ ಮಗನ ವಿಷಯಕ್ಕೂ ಹೂಂ ಅನ್ನಬೇಕು. ದೊಡ್ಡ ಮನೆತನ, ಹೆಸರಿದೆ, ನಂಬಬಹುದು."

ಫ್ರಿಜ್ಜಿಗೂ ಅದೇ ಮಾತು, ಗಂಡಿಗೂ ಅದೇ ಮಾತು! ಅವಳ ರಕ್ತ ಕುದಿಯಿತು.

"ಆಯ್ತು! ಕೈಕೊಡದಿದ್ರೆ ನನ್ನ ಕೆಲಸ ನನ್ನದು, ನನ್ನ ಮದುವೆ ನನ್ನದು. ನೀನು ಮಧ್ಯ ಬಾಯಿ ಹಾಕಬಾರದು."

ಅತ್ತಿಗೆ ಬಾಗಿಲ ಸಂದಿಯಿಂದ ಹೆಬ್ಬೆರಳು ಎತ್ತಿ ತೋರಿಸಿ ಮಾಯವಾದಳು.

ಆಮೇಲಿನ ದಿನಗಳಲ್ಲಿ ಆ ಲ್ಯಾಪ್‌ಟಾಪಿಗೆ ವಿಚಿತ್ರ ಕಾಯಿಲೆಗಳು ಶುರುವಾದವು. ಅಂಗಡಿ ತಲುಪುವಷ್ಟರಲ್ಲಿ ತಾವಾಗಿಯೇ ವಾಸಿಯಾಗುತ್ತಿದ್ದವು.

"ಫ್ಯಾನ್ ಸದ್ದು ಬರ್ತಿತ್ತು..."

"ಈಗ ಬರ್ತಿಲ್ವಲ್ಲ ಮೇಡಂ."

"ನಿಮ್ಮನ್ನ ನೋಡಿ ಹೆದರಿರಬೇಕು!"

ಮೌನಿ ಎನ್ನಿಸಿಕೊಂಡವನು ಅವಳ ಹತ್ತಿರ ಮಾತ್ರ ಮಾತಾಡುತ್ತಿದ್ದ. ಟೀಚರ್ ಮನೆಯ ಪ್ಲಾನ್ ನೋಡಿ, "ಒಲೆ ಮುಂದೆ ನಿಂತ್ರೆ ರಸ್ತೆ ಕಾಣುತ್ತೆ, ಸರಿ. ಕೂತು ತರಕಾರಿ ಹೆಚ್ಚಿದ್ರೆ?" ಎಂದು ಕೇಳಿದ್ದ. ಅವಳು ಅಲ್ಲೇ ಕಿಟಕಿಯನ್ನು ಕೆಳಗಿಳಿಸಿದ್ದಳು. ಇವನ ಜೊತೆ ಕೂತರೆ ನಾನು ನಾನಾಗಿಯೇ ಇರುತ್ತೇನಲ್ಲ... ಎಂದು ಮನಸ್ಸು ಪಿಸುಗುಟ್ಟಿತು.

ಒಂದು ಸಂಜೆ ಎಲ್ಲ ಮುರಿದುಬಿತ್ತು.

ಅಂಗಡಿಯ ಎದುರು ಸಾಲಿನಲ್ಲೊಂದು ಫ್ಯಾನ್ಸಿ ಸ್ಟೋರ್. ಅದರೊಳಗೆ ಅವನಿದ್ದ. ನೇಲ್ ಪಾಲಿಶ್ ಬಾಟಲಿಗಳನ್ನು ಒಂದೊಂದಾಗಿ ತೆಗೆದು, ತನ್ನ ಹೆಬ್ಬೆರಳ ಉಗುರಿಗೆ ಹಚ್ಚಿ, ಊದಿ, ಕೆರೆದು ನೋಡುತ್ತಿದ್ದ. ಯಾವುದೂ ಹಿಡಿಸುತ್ತಿಲ್ಲ. ಕೊನೆಗೊಂದು ಕೆಂಪು ಸಿಕ್ಕಿದಾಗ ಮುಖ ಅರಳಿತು!

ಅವಳು ರಸ್ತೆಯಂಚಿನಲ್ಲೇ ನಿಂತುಬಿಟ್ಟಳು. ಇಷ್ಟು ಅಕ್ಕರೆಯಿಂದ ಆರಿಸುತ್ತಿದ್ದಾನೆ... ಯಾರಿಗೋ! ನಾನೇ ಹುಚ್ಚಿ. ಅವನು ಏನಾದರೂ ಹೇಳಿದ್ದನೇ? ಇಲ್ಲವಲ್ಲ!

ಅಂದಿನಿಂದ ಅವಳು ಅತ್ತ ಸುಳಿಯಲಿಲ್ಲ. ಲ್ಯಾಪ್‌ಟಾಪಿನ ಕಾಯಿಲೆಗಳೂ ನಿಂತವು. ಅವಳೇ ಸೊರಗಿದಳು.

ಪ್ಲಾನ್ ಒಪ್ಪಿಸಬೇಕಾದ ದಿನ ಬಂತು. ಹಿಂದಿನ ದಿನವೆಲ್ಲ ಅವಳು ಟೀಚರ್ ಜೊತೆ ಸೈಟಿನಲ್ಲಿ ಅಳತೆ ನೋಡುತ್ತಿದ್ದಳು. ಬೆಳಿಗ್ಗೆ ಎದ್ದು ಲ್ಯಾಪ್‌ಟಾಪ್ ತೆರೆದು ಬಟನ್ ಒತ್ತಿದಳು.

ದೀಪ ಹತ್ತಿತು. ಫ್ಯಾನ್ ತಿರುಗಿತು. ಪರದೆ ಮಾತ್ರ ಕಪ್ಪು.

ಮತ್ತೆ ಒತ್ತಿದಳು. ಕಪ್ಪು.

ಕೊನೆಯ ತಿದ್ದುಪಡಿಗಳೆಲ್ಲ ಅದರೊಳಗೇ ಇದ್ದವು!

"ನಾನು ಹೇಳಿರಲಿಲ್ವಾ?" ಅಣ್ಣ ಸೋಫಾದಿಂದ ತಲೆಯೆತ್ತಿದ. ಗೆದ್ದವನ ಜೋರು ಆ ದನಿಯಲ್ಲಿ ಯಾಕೋ ಇರಲಿಲ್ಲ. "ಹೋಗಲಿ ಬಿಡು ಗುಬ್ಬಿ. ನನ್ನ ಆಫೀಸಿನ ಕಂಪ್ಯೂಟರಲ್ಲಿ ಮಾಡು. ನನ್ನ ಮುದ್ರೆ ಹಾಕಿ ಕಳಿಸೋಣ."

ನನ್ನ ಮುದ್ರೆ! ಕಣ್ಣಲ್ಲಿ ನೀರು ತುಂಬಿತು. ಅಂಗಡಿಗೆ ಓಡಲೇ? ಇಲ್ಲ... ಅವನ ಮುಂದೆ ಮಾತ್ರ ಕೈ ಚಾಚಲಾರೆ! ಒಳಗೆ ಏನಿದೆ ಎಂದು ನನಗೂ ಗೊತ್ತು.

ಸ್ಕ್ರೂಡ್ರೈವರ್ ತಂದು, ಕಿಟಕಿಯ ಬೆಳಕಿನಲ್ಲಿ ಲ್ಯಾಪ್‌ಟಾಪನ್ನು ಬೋರಲು ಹಾಕಿದಳು.

ಹಾಗೇ ಕಲ್ಲಾದಳು.

ಪ್ರತಿ ಸ್ಕ್ರೂವಿನ ತಲೆಗೂ ಲ್ಯಾಪ್‌ಟಾಪಿನ ಮೈಗೂ ಸೇರಿಸಿ ಇಟ್ಟ ಒಂದೊಂದು ಚುಕ್ಕೆ. ಕಡುಗೆಂಪು. ಎಲ್ಲವೂ ನಡುವೆ ಸೀಳಿಹೋಗಿದ್ದವು.

ಯಾರಾದ್ರೂ ಬಿಚ್ಚಿದ್ರೆ ನನಗೆ ಗೊತ್ತಾಗುತ್ತೆ...

ಅಯ್ಯೋ! ನೇಲ್ ಪಾಲಿಶ್! ಊದಿ, ಕೆರೆದು ನೋಡಿದ್ದು ಅದು ಗಟ್ಟಿಯಾಗಿ ಒಣಗುತ್ತದೆಯೇ ಎಂದು! ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಜೊತೆಗೇ ಸಿಟ್ಟೂ ಬಂತು.

"ಅಣ್ಣಾ! ಇದನ್ನ ಬಿಚ್ಚಿದ್ದು ಯಾರು?"

"ನನಗೇನು ಗೊತ್ತು? ನಾನ್ಯಾಕೆ ಬಿಚ್ಚಿಸ್ಲಿ?" ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು.

"ಬಿಚ್ಚಿಸಿದ್ಯಾ ಅಂತ ನಾನು ಕೇಳಲೇ ಇಲ್ವಲ್ಲ!"

ಅತ್ತಿಗೆ ಸೊಂಟಕ್ಕೆ ಕೈ ಕೊಟ್ಟು ಬಂದು ನಿಂತಳು. "ನಿನ್ನೆ ಚೀಲದಲ್ಲಿ ಹಾಕ್ಕೊಂಡು ಹೋಗಿದ್ದು ಇದನ್ನೇನಾ? ಹೇಳಿ ಮತ್ತೆ!"

ಅಣ್ಣ ಇಳಿದುಹೋದ. "ಒಳಗೆ ಹಳೇ ಸಾಮಾನು ಹಾಕಿ ಮೋಸ ಮಾಡಿದ್ದಾರೇನೋ ಅಂತ ನಮ್ಮ ಆಫೀಸಿನ ಮೆಕ್ಯಾನಿಕ್‌ಗೆ ತೋರಿಸಿದೆ. ಅವನು ಎಲ್ಲಾ ಹೊಸದೇ ಅಂದ. ನಾನು ಕೆಡಿಸೋಕೆ ಅಂತ ಮಾಡಿದ್ದಲ್ಲ ಕಣೇ..."

"ಗೊತ್ತು. ನೀನು ಯಾವತ್ತೂ ಒಳ್ಳೇದಕ್ಕೇ ಮಾಡೋದು. ಆದ್ರೆ ನನ್ನನ್ನ ಒಂದು ಮಾತು ಕೇಳೋದಿಲ್ಲ!"

ಸ್ಕ್ರೂಗಳನ್ನು ಬಿಚ್ಚಿದಳು. ಹಸಿರು ಪಟ್ಟಿಗಳು ಸಡಿಲವಾಗಿ ಓರೆಯಾಗಿ ಕುಳಿತಿದ್ದವು. ತೆಗೆದು, ನೇರ ಮಾಡಿ, ಒತ್ತಿದಳು.

ಟಕ್!

ಪರದೆ ಬೆಳಗಿತು. ಟೀಚರ್ ಮನೆಯ ಅಡುಗೆಮನೆ ಕಿಟಕಿ ಎಲ್ಲಿತ್ತೋ ಅಲ್ಲೇ ಇತ್ತು.

"ಅದು ಕೈಕೊಡಲಿಲ್ಲ ಅಣ್ಣ. ಕೈಕೊಡೋ ಹಾಗೆ ಮಾಡಿದ್ದು ನೀನು. ಪಂಥ ಯಾರು ಗೆದ್ದರು?"

ಅಣ್ಣ ಬಗ್ಗಿ ಪರದೆಯನ್ನು ನೋಡಿದ. "ಕಿಟಕಿ ಚೆನ್ನಾಗಿದೆ," ಎಂದ. "ಟೈಲ್ಸ್‌ನವರಿಗೆ ಬೇಡ ಅಂತ ನಾನೇ ಫೋನ್ ಮಾಡ್ತೀನಿ."

ಪ್ಲಾನನ್ನು ತನ್ನ ಹೆಸರಿನಲ್ಲೇ ಕಳಿಸಿ, ಅವಳು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

"ರಿಪೇರಿ ಆಯ್ತಲ್ಲ, ಇನ್ನೆಲ್ಲಿಗೆ?" ಎಂದ ಅಣ್ಣ. ಅತ್ತಿಗೆ ಕಿಸಕ್ಕನೆ ನಕ್ಕಳು. ಅಣ್ಣ ಅವಳ ಮುಖ ನೋಡಿದ, ಇವಳ ಮುಖ ನೋಡಿದ. ತಡವಾಗಿ ಅರ್ಥವಾಯಿತು. "ಆ ಹುಡುಗ... ಯಾವ ಮನೆತನ?"

"ಕೇಳೇ ಇಲ್ಲದ ಕಂಪನಿ, ಅಣ್ಣ!"

ಅಂಗಡಿಯಲ್ಲಿ ಅವನು ಅವಳನ್ನು ಕಂಡದ್ದೇ ಎದ್ದು ನಿಂತ. ಮುಖ ಬಾಡಿತ್ತು. "ಎಷ್ಟು ದಿನ ಆಯ್ತು... ಏನು ತೊಂದರೆ ಮೇಡಂ?"

"ಏನೂ ಕೆಟ್ಟಿಲ್ಲ. ಸುಮ್ಮನೆ ಬಂದೆ."

ಲ್ಯಾಪ್‌ಟಾಪನ್ನು ಬೋರಲು ಇಟ್ಟಳು. ಒಡೆದ ಚುಕ್ಕೆಗಳನ್ನು ಕಂಡು ಅವನ ಹುಬ್ಬು ಗಂಟಾಯಿತು.

"ಯಾರು ಬಿಚ್ಚಿದ್ದು?"

"ಮೊದಲು ಅಣ್ಣ ಬಿಚ್ಚಿಸಿದ. ಆಮೇಲೆ ನಾನೇ ಬಿಚ್ಚಿ ಸರಿ ಮಾಡಿದೆ. ಆ ನೇಲ್ ಪಾಲಿಶ್ ಯಾವಳಿಗೋ ಅಂದ್ಕೊಂಡು ಇಷ್ಟು ದಿನ ಅತ್ತಿದ್ದೂ ನಾನೇ!"

ಅವನು ಕಣ್ಣು ಮಿಟುಕಿಸಲೂ ಮರೆತ. "ನೀವು... ಅತ್ರಾ?"

"ಅದನ್ನ ಬಿಡಿ! ಒಂದು ಹೇಳಿ. ಅವತ್ತು ತಲೆ ಅಲ್ಲಾಡಿಸಿದ್ದು ಯಾಕೆ? ಎಲ್ಲಾ ಗಿರಾಕಿಗಳಿಗೂ ಹಾಗೆ ಮಾಡ್ತೀರಾ?"

"ಇಲ್ಲ. ಮಾಲೀಕರು ಕೆಲಸದಿಂದ ತೆಗೀತಾರೆ." ಅವನು ತಲೆ ತಗ್ಗಿಸಿದ. "ನಿಮ್ಮ ಮುಖದಲ್ಲೇ ಬೇಡ ಅಂತಿತ್ತು. ಅದನ್ನ ಹೇಳೋಕಾಗದೆ ಒದ್ದಾಡ್ತಿದ್ರಿ. ನೋಡೋಕಾಗಲಿಲ್ಲ ನನಗೆ."

"ಈಗ ನನ್ನ ಮುಖದಲ್ಲಿ ಏನಿದೆ?"

ಅವನು ನೋಡಿದ. ಕಿವಿಗಳು ಕೆಂಪಾದವು.

"ಯಾರೋ ಆರಿಸಿಕೊಡಲಿ ಅಂತ ಕಾಯೋಳಲ್ಲ ನಾನು. ನಾನೇ ಆರಿಸಿದ್ದೀನಿ. ನಿಮ್ಮನ್ನ. ಒಪ್ಪಿಗೆ ಇದ್ರೆ ಹೇಳಿ, ಇಲ್ಲದಿದ್ರೆ ಕತ್ತು ಹಿಡ್ಕೊಂಡಿದೆ ಅನ್ನಿ!"

ಅವನು ತಲೆಯಾಡಿಸಿದ. ಈ ಸಲ ಮೇಲಕ್ಕೂ ಕೆಳಕ್ಕೂ.

"ಗ್ಯಾರಂಟಿ ಇದೆಯಾ?" ಕಣ್ಣೊರೆಸಿಕೊಂಡು ಕೇಳಿದಳು.

"ಇಲ್ಲ. ನಾನೂ ಕೆಡ್ತೀನಿ, ಸಿಟ್ಟು ಮಾಡ್ಕೊಳ್ತೀನಿ, ಮಾತೇ ಬಿಟ್ಟುಬಿಡ್ತೀನಿ... ಆದ್ರೆ ಹತ್ತಿರಾನೇ ಇರ್ತೀನಿ."

ಅವಳು ಅವನ ಜೇಬಿಗೆ ಕೈ ಹಾಕಿ ಬಾಟಲಿ ತೆಗೆದಳು. ಒಂದೊಂದು ಸ್ಕ್ರೂವಿಗೂ ತಾನೇ ಹೊಸ ಚುಕ್ಕೆ ಇಟ್ಟಳು. ಕುಂಚದಲ್ಲಿ ಇನ್ನೂ ಸ್ವಲ್ಪ ಬಣ್ಣ ಉಳಿದಿತ್ತು. ಅವನ ಕೈ ಹಿಡಿದೆಳೆದು ಹೆಬ್ಬೆರಳ ಉಗುರಿನ ಮೇಲೂ ಒಂದು ಚುಕ್ಕೆ ಇಟ್ಟಳು.

"ಇದ್ಯಾಕೆ?" ಎಂದ ಅವನು, ನಗುತ್ತಾ.

"ಇನ್ಮೇಲೆ ಯಾರಾದ್ರೂ ಮುಟ್ಟಿದ್ರೆ ನನಗೆ ಗೊತ್ತಾಗುತ್ತೆ!"